ಸಮಕಾಲೀನ ಕನ್ನಡ ಕಥನಸಾಹಿತ್ಯದಲ್ಲಿ ವರ್ಗ ಮತ್ತು ಅಸಮಾನತೆ

ಆಸ್ತಿ, ದುಡಿಮೆ, ಮರ್ಯಾದೆ ಇವು ಸಮಾಜದಲ್ಲಿ ಹಂಚಿಹೋಗಿರುವ ರೀತಿಯಿಂದ ಹುಟ್ಟುವ ಮೇಲು–ಕೀಳನ್ನು ವರ್ಗ ಎಂದು ಕರೆಯುತ್ತೇವೆ. ಕನ್ನಡದ ಕಥೆ, ಕಾದಂಬರಿಗಳು ಈ ವಸ್ತುವನ್ನು ಗಂಭೀರವಾಗಿ ಕೈಗೆತ್ತಿಕೊಂಡು ತೊಂಬತ್ತು ವರ್ಷಗಳಾಗಿವೆ. ಈ ಅವಧಿಯಲ್ಲಿ ಬಡತನವನ್ನು ವರ್ಣಿಸುವ ಕೃತಿಗಳು ನೂರಾರು ಬಂದಿವೆ. ಸೋರುವ ಮಾಡು, ಹರಕು ಸೀರೆ, ಹಸಿದ ಮಕ್ಕಳು ಅವುಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ಓದುಗರ ನೆನಪಿನಲ್ಲಿ ನಿಂತ ಕೃತಿಗಳು ವರ್ಣನೆಯಿಂದ ಮುಂದಕ್ಕೆ ಹೋದವು. ಯಾರು ಯಾರಿಗೆ ಏನು ಕೊಡಬೇಕಾಗಿದೆ, ಆ ಲೆಕ್ಕ ಬರೆದಿಟ್ಟವರು ಯಾರು ಎಂಬ ಪ್ರಶ್ನೆಯನ್ನು ಅವು ಕೇಳಿದವು. ಜೀತ, ಗೇಣಿ, ಬಡ್ಡಿ, ಹಂಗು, ಋಣ ಎಂಬ ಮಾತುಗಳು ನಮ್ಮ ಕಥನದಲ್ಲಿ ಮತ್ತೆ ಮತ್ತೆ ಬರುವುದು ಈ ಕಾರಣದಿಂದಲೇ. ಬಡವ ಮತ್ತು ಬಲ್ಲಿದ ಎರಡು ಬೇರೆ ಬೇರೆ ಲೋಕಗಳಲ್ಲಿ ಬದುಕುವುದಿಲ್ಲ. ಒಂದೇ ಲೆಕ್ಕಪುಸ್ತಕದ ಎರಡು ಬದಿಗಳಲ್ಲಿ ಬದುಕುತ್ತಾರೆ. ಹಳೆಯ ಕಥನ ಆ ಪುಸ್ತಕವನ್ನು ಹೊಲದಲ್ಲಿ, ಧಣಿಯ ಅಂಗಳದಲ್ಲಿ ತೆರೆದು ತೋರಿಸಿತು. 1990ರ ನಂತರದ ಕಥನ ಅದನ್ನು ಮನೆಯೊಳಕ್ಕೆ, ಅಡುಗೆಮನೆಗೆ, ನಗರದ ಬಾಡಿಗೆ ಕೋಣೆಗೆ ತಂದಿತು. ಈಚಿನ ಕಥೆಗಾರರು ವರ್ಗದ ಪ್ರಶ್ನೆಯನ್ನು ಕೈಬಿಟ್ಟಿದ್ದಾರೆಂಬ ದೂರು ಆಗಾಗ ಕೇಳಿಬರುತ್ತದೆ. ಆ ದೂರು ಬಹುಮಟ್ಟಿಗೆ ತಪ್ಪು. ಎಲ್ಲಿ ಅದು ಸರಿ ಎಂಬುದನ್ನೂ ಈ ಲೇಖನದ ಕೊನೆಯಲ್ಲಿ ನೋಡಬಹುದು.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಈ ಪರಂಪರೆಯ ಮೊದಲ ದೊಡ್ಡ ಕೃತಿ. ಚೋಮನ ಬಳಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ಬೇಸಾಯ ಮಾಡುವ ಹಂಬಲವಿದೆ. ಇಲ್ಲದಿರುವುದು ಭೂಮಿ. ಧಣಿ ಸಂಕಪ್ಪಯ್ಯನಿಗೆ ಅವನ ಮೇಲೆ ಕನಿಕರವಿದ್ದರೂ ಹೊಲೆಯನಿಗೆ ಗದ್ದೆ ಕೊಡುವುದನ್ನು ಮನೆಯ ಹಿರಿಯಳು ಒಪ್ಪುವುದಿಲ್ಲ. ಇತ್ತ ಕಾಫಿ ತೋಟದ ಹಳೆಯ ಸಾಲ ಬೆಳೆಯುತ್ತಲೇ ಇದೆ. ಆ ಸಾಲ ತೀರಿಸಲು ಹೋದ ಗಂಡುಮಕ್ಕಳಲ್ಲಿ ಒಬ್ಬ ಜ್ವರಕ್ಕೆ ಬಲಿಯಾಗುತ್ತಾನೆ, ಇನ್ನೊಬ್ಬ ಮತಾಂತರಗೊಂಡು ಅಲ್ಲೇ ಉಳಿಯುತ್ತಾನೆ. ಕೊನೆಗೆ ಮಗಳು ಬೆಳ್ಳಿ ತೋಟಕ್ಕೆ ಹೋಗಿ ತನ್ನ ದೇಹವನ್ನೇ ತೆರಬೇಕಾಗುತ್ತದೆ. ಕಾರಂತರು ಇಲ್ಲಿ ಒಬ್ಬ ದುಷ್ಟ ಧಣಿಯನ್ನು ನಿಲ್ಲಿಸಿ ಅವನ ತಲೆಗೆ ಎಲ್ಲವನ್ನೂ ಕಟ್ಟಲಿಲ್ಲ. ಧಣಿ ಒಳ್ಳೆಯವನಾದರೂ ಲೆಕ್ಕ ಬದಲಾಗುವುದಿಲ್ಲ ಎಂಬುದನ್ನು ತೋರಿಸಿದರು. ಕಾದಂಬರಿ ಬಂದು ಒಂಬತ್ತು ದಶಕಗಳಾದ ಮೇಲೂ ಅದರ ಬಲ ಕುಂದದಿರುವುದಕ್ಕೆ ಇದು ಮುಖ್ಯ ಕಾರಣ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೂಡ ಜೀತದ ಲೋಕವನ್ನು ಒಳಗಿನಿಂದ ಕಂಡ ಕೃತಿ. ನಾಯಿಗುತ್ತಿ ತನ್ನ ಪ್ರೀತಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದು ಓದುಗನಿಗೆ ಪ್ರೇಮಕಥೆ. ಆದರೆ ಗೌಡರ, ಹೆಗ್ಗಡೆಯವರ ದೃಷ್ಟಿಯಲ್ಲಿ ಒಬ್ಬ ಒಡೆಯನ ಆಳು ಇನ್ನೊಬ್ಬನ ಹಟ್ಟಿಗೆ ಸೇರಿಹೋದ ನಷ್ಟದ ಬಾಬ್ತು. ಒಂದೇ ಘಟನೆ ಈ ಎರಡು ಲೆಕ್ಕಗಳಲ್ಲಿ ಎರಡು ಬಗೆಯಾಗಿ ಕಾಣುವಂತೆ ಮಾಡಿದ್ದು ಕುವೆಂಪು ಅವರ ದೊಡ್ಡ ಸಾಧನೆ.

1940ರ ದಶಕದಲ್ಲಿ ಅ.ನ.ಕೃ. ಮುಂದಾಳುತನದಲ್ಲಿ ಬೆಳೆದ ಪ್ರಗತಿಶೀಲ ಚಳವಳಿ ವರ್ಗ ಎಂಬ ಪದವನ್ನು ಸಾಹಿತ್ಯಚರ್ಚೆಯ ಮಧ್ಯಕ್ಕೆ ತಂದಿತು. ಚಳವಳಿಯ ಬಹಳಷ್ಟು ಕಾದಂಬರಿಗಳು ಇಂದು ಓದುಗರನ್ನು ಕಳೆದುಕೊಂಡಿವೆ. ನಿರಂಜನರ ‘ಚಿರಸ್ಮರಣೆ’ (1955) ಉಳಿದುಕೊಂಡಿದೆ. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನಲ್ಲಿ 1941ರಲ್ಲಿ ರೈತರು ಜಮೀನ್ದಾರರ ವಿರುದ್ಧ ಎದ್ದರು. 1943ರ ಮಾರ್ಚಿನಲ್ಲಿ ನಾಲ್ವರನ್ನು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಈ ಚರಿತ್ರೆಯನ್ನು ನಿರಂಜನರು ಚಿರುಕಂಡ ಮತ್ತು ಅಪ್ಪು ಎಂಬ ಹುಡುಗರು ಬೆಳೆಯುವ ಕಥೆಯಾಗಿ ಹೇಳಿದರು. ಗೇಣಿಯ ಅಕ್ಕಿ ಅಳೆಯುವ ಅಂಗಳದಿಂದ ಗಲ್ಲಿನ ಮರದವರೆಗಿನ ದಾರಿಯನ್ನು ಕಾದಂಬರಿ ಹೆಜ್ಜೆಹೆಜ್ಜೆಯಾಗಿ ಹಿಡಿದಿದೆ. ಸಿದ್ಧಾಂತದ ಹಂಗಿದ್ದೂ ಅದು ಘೋಷಣೆಯಾಗದಿರಲು ಕಾರಣ ಈ ನಿಧಾನದ ಬೆಳವಣಿಗೆಯೇ.

ಸಮಕಾಲೀನ ಕಥನವೆಂದು ನಾವು ಕರೆಯುವುದರ ಬೇರು 1970ರ ದಶಕದಲ್ಲಿದೆ. 1973ರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂಬ ಬಿ. ಬಸವಲಿಂಗಪ್ಪನವರ ಮಾತು ಎಬ್ಬಿಸಿದ ಗಲಾಟೆ, 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ, 1976ರ ಜೀತ ನಿರ್ಮೂಲನ ಕಾಯಿದೆ, ದಲಿತ ಸಂಘರ್ಷ ಸಮಿತಿಯ ಹೋರಾಟಗಳು, 1979ರಲ್ಲಿ ಹುಟ್ಟಿದ ಬಂಡಾಯ ಸಾಹಿತ್ಯ ಸಂಘಟನೆ, ಇವೆಲ್ಲ ಆರೇಳು ವರ್ಷಗಳ ಅಂತರದಲ್ಲಿ ನಡೆದವು. ಉಳುವವನೇ ಒಡೆಯನೆಂದು ಸರ್ಕಾರ ಹೇಳಿದಾಗ ಗೇಣಿದಾರನಿಗೆ ಹೊಲ ಸಿಕ್ಕಿತು. ಗೇಣಿಯ ಹಕ್ಕೂ ಇಲ್ಲದ ಕೂಲಿಯಾಳಿಗೆ ಸಿಗಲಿಲ್ಲ. ಕೇರಿಯಿಂದ ಬಂದ ಹೊಸ ತಲೆಮಾರಿನ ಬರಹಗಾರರು ಈ ಹೊರಗುಳಿದವರ ಪರವಾಗಿ ಮಾತಾಡಿದರು ಎನ್ನುವುದಕ್ಕಿಂತ ಆ ಹೊರಗಿನಿಂದಲೇ ಮಾತಾಡಿದರು ಎನ್ನುವುದು ಸರಿ.

ದೇವನೂರ ಮಹಾದೇವರ ‘ಒಡಲಾಳ’ ಇದರ ಅತ್ಯುತ್ತಮ ನಿದರ್ಶನ. ಕಥೆಯ ಹಂದರ ಬಹಳ ಚಿಕ್ಕದು. ಸಾಕವ್ವನೆಂಬ ಮುದುಕಿಯ ಹುಂಜ ಕಾಣೆಯಾಗಿದೆ. ಅದೇ ರಾತ್ರಿ ಸಾಹುಕಾರ ಎತ್ತಪ್ಪನ ಕಡಲೆಕಾಯಿ ಮೂಟೆಯೊಂದು ಅವಳ ಮನೆಗೆ ಬರುತ್ತದೆ. ಇಡೀ ಸಂಸಾರ ಬೆಂಕಿಯ ಸುತ್ತ ಕುಳಿತು ಕಡಲೆಕಾಯಿ ಸುಲಿದು ತಿನ್ನುತ್ತದೆ, ಸಿಪ್ಪೆಯನ್ನು ಉರಿಗೆ ಹಾಕುತ್ತದೆ. ಬೆಳಗಾಗುವ ಹೊತ್ತಿಗೆ ಪೊಲೀಸರು ಬಂದು ಹುಡುಕಿದರೆ ಏನೂ ಇಲ್ಲ. ಕಳ್ಳತನವೊಂದು ಹಬ್ಬದೂಟದಂತೆ ಕಾಣುವ ಆ ರಾತ್ರಿಯಲ್ಲಿ ಹಸಿವು, ನಗು, ಜಗಳ, ಮಕ್ಕಳ ಆಟ ಎಲ್ಲ ಬೆರೆತಿವೆ. ಲೇಖಕರು ಎಲ್ಲಿಯೂ ಅದನ್ನು ಸಮರ್ಥಿಸುವುದಿಲ್ಲ, ಕ್ಷಮೆ ಕೇಳುವುದೂ ಇಲ್ಲ. ಸಾಹುಕಾರನ ಲೆಕ್ಕದಲ್ಲಿ ಒಂದು ಮೂಟೆ ಕಳವಾಗಿದೆ. ಆ ಕಡಲೆಕಾಯಿ ಬೆಳೆಯುವ ಹೊಲಗಳಲ್ಲಿ ಕೇರಿಯ ತಲೆಮಾರುಗಳು ಸುರಿಸಿದ ಬೆವರು ಯಾವ ಪುಸ್ತಕದಲ್ಲಿಯೂ ದಾಖಲಾಗಿಲ್ಲ. ಪೊಲೀಸು ಹುಡುಕಲು ಬರುವುದು ಮೊದಲಿನದನ್ನು ಮಾತ್ರ. ಎರಡನೆಯದನ್ನು ಹುಡುಕಿಕೊಂಡು ಬರುವ ಅಧಿಕಾರಿ ಈ ನಾಡಿನಲ್ಲಿ ಇಲ್ಲ ಎಂಬ ಅರಿವು ಓದುಗನಿಗೆ ತಾನಾಗಿಯೇ ಮೂಡುತ್ತದೆ. ಮನೆಯ ಗೋಡೆಯ ಮೇಲೆ ಹುಡುಗಿ ಬರೆದ ನವಿಲು ಆ ಬೆಳಗಿನ ತಪಾಸಣೆಯ ನಡುವೆಯೂ ಅಲ್ಲೇ ಇರುತ್ತದೆ. ಹಸಿದವರಿಗೆ ಹಸಿವಿನ ಹೊರತು ಬೇರೇನೂ ಇಲ್ಲವೆಂದು ಭಾವಿಸುವ ಓದುಗನಿಗೆ ಅದೊಂದೇ ಚಿತ್ರ ಸಾಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದುದಲ್ಲ. ವರ್ಗ ಎಂಬುದು ಯುರೋಪಿನ ಕಾರ್ಖಾನೆಗಳ ನಡುವೆ ಹುಟ್ಟಿದ ಪರಿಕಲ್ಪನೆ. ನಮ್ಮಲ್ಲಿ ಮನುಷ್ಯನ ಹಣೆಬರಹ ಬರೆಯುವುದು ಜಾತಿ. ಚೋಮನನ್ನೂ ಸಾಕವ್ವನನ್ನೂ ವರ್ಗದ ಚೌಕಟ್ಟಿನಲ್ಲಿ ಕೂರಿಸಿದರೆ ಅವರ ನೋವಿನ ಮುಖ್ಯ ಕಾರಣವನ್ನೇ ಮರೆಮಾಡಿದಂತಾಗುತ್ತದೆ ಎಂಬುದು ಆ ಆಕ್ಷೇಪ. ಚೋಮನ ವಿಷಯದಲ್ಲಿ ಇದು ನಿಜವೇ. ಅವನಿಗೆ ಗದ್ದೆ ಸಿಗದಿರುವುದು ಹಣವಿಲ್ಲದ್ದರಿಂದಲ್ಲ, ಹುಟ್ಟಿದ ಜಾತಿಯಿಂದ. ಆದರೆ ಆ ಕಾದಂಬರಿಯನ್ನೇ ಇನ್ನಷ್ಟು ಗಮನವಿಟ್ಟು ಓದಿದರೆ ಜಾತಿ ಮತ್ತು ಸಾಲ ಒಂದರೊಳಗೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಯಾರು ಎಂಥ ಸಾಲಕ್ಕೆ ಬೀಳಬಹುದು, ಅದನ್ನು ಯಾವುದರಿಂದ ತೀರಿಸಬೇಕು ಎಂಬುದನ್ನು ಜಾತಿ ಗೊತ್ತುಮಾಡುತ್ತದೆ: ಒಬ್ಬನ ಸಾಲಕ್ಕೆ ಹೊಲ ಅಡವಾದರೆ ಇನ್ನೊಬ್ಬನ ಸಾಲಕ್ಕೆ ಮಕ್ಕಳೇ ಅಡವು. ಜಾತಿಯನ್ನು ಬಿಟ್ಟು ವರ್ಗವನ್ನು ಬರೆದ ಪ್ರಗತಿಶೀಲರ ಹಲವು ಕಾದಂಬರಿಗಳು ಸೊರಗಿದ್ದು ಇದನ್ನು ಕಾಣದೆ ಹೋದದ್ದರಿಂದ. ಹಾಗೆಯೇ ಜಾತಿಯೊಂದರಿಂದಲೇ ಎಲ್ಲವನ್ನೂ ವಿವರಿಸುವ ಓದಿಗೂ ಮಿತಿಯಿದೆ. ಪಿ. ಲಂಕೇಶರ ‘ಉಮಾಪತಿಯ ಸ್ಕಾಲರ್‌ಶಿಪ್ ಯಾತ್ರೆ’ಯ ಹುಡುಗನನ್ನು ಹಿಂಡುವುದು ಜಾತಿಯ ಅವಮಾನಕ್ಕಿಂತ ಹೆಚ್ಚಾಗಿ ಹಳ್ಳಿಯ ಬಡತನ ಪಟ್ಟಣದ ಕಚೇರಿಯೆದುರು ಅನುಭವಿಸುವ ಅಸಹಾಯಕತೆ. ವೈದೇಹಿಯವರ ಕಥೆಗಳಲ್ಲಿ ಬರುವ ಕುಂದಾಪುರ ಸೀಮೆಯ ಬ್ರಾಹ್ಮಣ ಮನೆಗಳ ಹೆಂಗಸರು ಜಾತಿಯಲ್ಲಿ ಮೇಲಿದ್ದೂ ಅನ್ನಕ್ಕಾಗಿ ಇನ್ನೊಬ್ಬರ ಹಂಗಿನಲ್ಲಿರುವವರು. ಕನ್ನಡ ಕಥನ ಈ ಎರಡರಲ್ಲಿ ಒಂದನ್ನು ಆರಿಸಿಕೊಂಡಾಗಲೆಲ್ಲ ಬಡವಾಗಿದೆ, ಎರಡನ್ನೂ ಒಟ್ಟಿಗೆ ಹಿಡಿದಾಗ ಬೆಳೆದಿದೆ.

ಹಳ್ಳಿಯ ಸಾಹುಕಾರನ ಸ್ಥಾನದಲ್ಲಿ ಸರ್ಕಾರಿ ಕಚೇರಿ ಬಂದು ಕೂತದ್ದನ್ನು ಪೂರ್ಣಚಂದ್ರ ತೇಜಸ್ವಿಯವರು ಬೇಗ ಗುರುತಿಸಿದರು. ಅವರ ‘ತಬರನ ಕಥೆ’ಯಲ್ಲಿ ಲೆಕ್ಕದ ದಿಕ್ಕು ತಿರುವುಮುರುವಾಗಿದೆ. ತಬರ ಯಾರಿಗೂ ಸಾಲಗಾರನಲ್ಲ. ಜೀವಮಾನವಿಡೀ ದುಡಿದ ಅವನಿಗೆ ಪುರಸಭೆ ನಿವೃತ್ತಿವೇತನ ಕೊಡಬೇಕಾಗಿದೆ. ಕೊಡಬೇಕಾದವನು ಬಲ್ಲಿದನಾದಾಗ ಬಾಕಿ ಎಂಬುದು ಕೇವಲ ಒಂದು ಕಡತವಾಗಿ ಮೇಜಿನಿಂದ ಮೇಜಿಗೆ ಹೋಗುತ್ತದೆ, ಅತ್ತ ತಬರನ ಹೆಂಡತಿಯ ಕಾಲು ಕೊಳೆಯುತ್ತದೆ. 1986ರಲ್ಲಿ ಗಿರೀಶ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದ ಮೇಲೆ ತಬರ ಎಂಬ ಹೆಸರು ಕಚೇರಿಯಿಂದ ಕಚೇರಿಗೆ ಅಲೆಯುವ ಎಲ್ಲರ ಹೆಸರಾಯಿತು. ಬಡವನ ಸಾಲಕ್ಕೆ ಗಡುವು ಇರುತ್ತದೆ, ಬಡವನಿಗೆ ಬರಬೇಕಾದುದಕ್ಕೆ ಗಡುವಿಲ್ಲ. ಈ ಅನ್ಯಾಯವನ್ನು ಕಂಡ ಕಥೆಗಾರರಲ್ಲಿ ತೇಜಸ್ವಿ ಮೊದಲಿಗರಲ್ಲದಿರಬಹುದು. ಅಷ್ಟು ಸರಳವಾದ ಗದ್ಯದಲ್ಲಿ ಹೇಳಿದವರು ವಿರಳ.

ಕನ್ನಡದ ನಗರಕಥನದ ದೊಡ್ಡ ಭಾಗ ಮುಂಬಯಿಯದು. ಉತ್ತರ ಕನ್ನಡದಿಂದ, ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಅಲ್ಲಿಗೆ ಹೋದವರ ಸಂಖ್ಯೆ ದೊಡ್ಡದಾದ್ದರಿಂದ ಇದು ಸಹಜ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಅಲ್ಲಿನ ಕಂಪನಿಯೊಂದರ ಮೇಲಿನ ಹುದ್ದೆಗೇರಿದ ನಾಗಪ್ಪನನ್ನು ಅವನ ವೈರಿಗಳು ಬೇಟೆಯಾಡುವ ಕಥೆ. ಬೇಟೆಗೆ ಅವರು ಬಳಸುವ ಆಯುಧಗಳಲ್ಲಿ ಅವನ ಬಡ ಹಿನ್ನೆಲೆಯೂ ಒಂದು. ಮೇಲಕ್ಕೆ ಏರಿದವನು ತಾನು ಬಿಟ್ಟುಬಂದ ಕೆಳಗನ್ನು ಎಂದೂ ತೀರಿಸಿ ಮುಗಿಸಲಾರ ಎಂಬ ಭಯ ಆ ಕಾದಂಬರಿಯ ಒಳಗೆ ನಿರಂತರವಾಗಿ ಮಿಡಿಯುತ್ತದೆ. ಜಯಂತ ಕಾಯ್ಕಿಣಿಯವರ ಮುಂಬಯಿ ಇದಕ್ಕಿಂತ ಬಹಳ ಬೇರೆ. ಅವರ ಪಾತ್ರಗಳು ಚಾಳಿನ ಒಂಟಿ ಕೋಣೆಗಳಲ್ಲಿ, ಇರಾನಿ ಹೋಟೆಲುಗಳಲ್ಲಿ, ಲೋಕಲ್ ರೈಲಿನ ಬಾಗಿಲಲ್ಲಿ ಇರುವವರು. ಸಿನಿಮಾದ ಸ್ಟಂಟ್ ಕೆಲಸದವರು, ಕಸ ಗುಡಿಸುವವರು, ಅನಾಥರು. ‘ಒಪೆರಾ ಹೌಸ್’ ಕಥೆಯ ಇಂದ್ರನೀಲ ಆಟ ಮುಗಿದ ಮೇಲೆ ಚಿತ್ರಮಂದಿರ ಗುಡಿಸುತ್ತಾನೆ, ಪ್ರೇಕ್ಷಕರು ಮರೆತುಹೋದ ವಸ್ತುಗಳು ಅವನ ಕೈಗೆ ಬರುತ್ತವೆ. ಒಂದು ದಿನ ಸಿಕ್ಕ ಫ್ಲಾಸ್ಕು ಯಾರ ಮನೆಯದೋ, ಯಾವ ರೋಗಿಗಾಗಿ ತುಂಬಿದ್ದೋ ಎಂಬ ಯೋಚನೆ ಅವನನ್ನು ಬಿಡುವುದಿಲ್ಲ. ಯಾವ ಲೆಕ್ಕಪುಸ್ತಕವೂ ಅವನಿಂದ ಕೇಳದ ಋಣವೊಂದನ್ನು ಅವನು ತಾನಾಗಿ ಹೊತ್ತುಕೊಳ್ಳುತ್ತಾನೆ.

ಕಾಯ್ಕಿಣಿಯವರ ಮೇಲೆ ಒಂದು ಟೀಕೆಯಿದೆ: ಬಡವರ ನಡುವಿನ ಮಮತೆಯನ್ನು ಇಷ್ಟು ಚೆಂದವಾಗಿ ತೋರಿಸಿದರೆ ಬಡತನವೇ ಚೆಂದವಾಗಿ ಕಾಣುವುದಿಲ್ಲವೇ? ಕೆಲವು ಕಥೆಗಳಲ್ಲಿ ಈ ಅಪಾಯ ಇದೆ, ಅಲ್ಲಿ ಕೊನೆಯ ಪುಟದ ಬೆಳಕು ಕೋಣೆಯ ಕತ್ತಲನ್ನು ತುಸು ಬೇಗನೆ ಕಳೆದುಬಿಡುತ್ತದೆ. ಆದರೂ ಒಟ್ಟಾರೆಯಾಗಿ ಈ ಟೀಕೆ ನಿಲ್ಲುವುದಿಲ್ಲ. ಅವರ ಕಥೆಗಳಲ್ಲಿ ಮಮತೆ ಹುಟ್ಟುವುದು ಸೌಲಭ್ಯಗಳು ಕೈಕೊಟ್ಟ ಜಾಗದಲ್ಲಿ. ಆಸ್ಪತ್ರೆ, ಶಾಲೆ, ಸ್ವಂತ ಮನೆ ಇದ್ದವರಿಗೆ ಅಪರಿಚಿತನ ಹೆಗಲು ಬೇಕಾಗುವುದಿಲ್ಲ. ಹಾಗಾಗಿ ಪಾತ್ರಗಳ ಒಳ್ಳೆಯತನವೇ ಆ ನಗರದ ಮೇಲಿನ ಆರೋಪವಾಗಿ ನಿಲ್ಲುತ್ತದೆ. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ಈ ಕಥೆಗಳ ಸಂಕಲನಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು.

1991ರ ಆರ್ಥಿಕ ನೀತಿಯ ನಂತರ ಅಸಮಾನತೆಯ ಸ್ವರೂಪವೇ ಬದಲಾಯಿತು. ವಿಶ್ವ ಅಸಮಾನತೆ ಪ್ರಯೋಗಾಲಯದ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2022–23ರಲ್ಲಿ ಭಾರತದ ಒಟ್ಟು ಆದಾಯದ ಶೇ. 22.6ರಷ್ಟು, ಸಂಪತ್ತಿನ ಶೇ. 40.1ರಷ್ಟು ಮೇಲ್ತುದಿಯ ಶೇ. 1ರಷ್ಟು ಜನರ ಕೈಯಲ್ಲಿತ್ತು. ಇಂಥ ಅಂಕಿಗಳು ಅಂತರದ ಅಗಲವನ್ನು ಹೇಳಬಲ್ಲವು. ಆ ಅಂತರ ದಾಟಿದ ಒಂದು ಸಂಸಾರದ ಊಟದ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಹೇಳಲಾರವು. ಅದನ್ನು ಹೇಳಿದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಕಿರಿದಾದ ಈ ಕಾದಂಬರಿಯ ಕುಟುಂಬ ಬೆಂಗಳೂರಿನ ಇಕ್ಕಟ್ಟಾದ ಮನೆಯೊಂದರಲ್ಲಿ ಇರುವೆಗಳ ಜೊತೆ ಬದುಕಿತ್ತು. ಸೇಲ್ಸ್‌ಮನ್ ಆಗಿದ್ದ ಅಪ್ಪನ ದಿನದ ಲೆಕ್ಕ ತಾಳೆಯಾಗದಿದ್ದರೆ ಇಡೀ ಮನೆ ಕೂತು ತಪ್ಪು ಹುಡುಕುತ್ತಿತ್ತು. ಅಪ್ಪ ಕೆಲಸ ಕಳೆದುಕೊಂಡ ಮೇಲೆ ಅವನ ಕೈಗೆ ಬಂದ ಹಣ ಹಾಕಿ ಚಿಕ್ಕಪ್ಪ ಮಸಾಲೆಪುಡಿಯ ವ್ಯಾಪಾರ ಆರಂಭಿಸುತ್ತಾನೆ, ಹಣ ಹರಿದುಬರುತ್ತದೆ, ಮನೆ ದೊಡ್ಡದಾಗುತ್ತದೆ. ಆಮೇಲೆ ಯಾರೂ ಲೆಕ್ಕ ನೋಡುವುದಿಲ್ಲ. ಕಥೆ ಹೇಳುವ ಮಗ ಕೆಲಸ ಮಾಡದೆ ಸಂಬಳ ಪಡೆಯುತ್ತಾನೆ. ಇಡೀ ಮನೆ ಚಿಕ್ಕಪ್ಪನ ಹಂಗಿನಲ್ಲಿದೆ, ಅವನಿಗೆ ಬೇಸರವಾಗದಂತೆ ನೋಡಿಕೊಳ್ಳುವುದೇ ಎಲ್ಲರ ಉದ್ಯೋಗ. ಅವನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯ ಹೆಂಗಸರೇ ಅವಮಾನಿಸಿ ಅಟ್ಟುತ್ತಾರೆ, ಅವಳು ತಂದ ಅಡುಗೆ ಬೀದಿಪಾಲಾಗುತ್ತದೆ. ಸ್ವಂತ ದುಡಿಮೆಯ ಅನ್ನ ಬೇಕೆಂದು ಕೇಳುವವಳು ಸೊಸೆ ಅನಿತಾ ಒಬ್ಬಳೇ, ಆ ಕೇಳುವಿಕೆಯಿಂದಲೇ ಅವಳು ಮನೆಗೆ ಅಪಾಯಕಾರಿಯಾಗುತ್ತಾಳೆ.

ಇದು ಮಧ್ಯಮವರ್ಗದ ಒಂದು ಮನೆಯ ಕಥೆ, ಇದರಲ್ಲಿ ಬಡವರೆಲ್ಲಿ, ಅಸಮಾನತೆಯೆಲ್ಲಿ ಎಂದು ಕೇಳಬಹುದು. ಉತ್ತರ ಆ ಬಾಗಿಲಿನ ದೃಶ್ಯದಲ್ಲಿದೆ. ನಿನ್ನೆಯವರೆಗೆ ತಾವೂ ಇಕ್ಕಟ್ಟಿನಲ್ಲಿದ್ದವರು ಇಂದು ತಮ್ಮ ಹೊಸ್ತಿಲನ್ನು ಕಾಯುವ ಕ್ರೌರ್ಯ ಕಲಿತಿದ್ದಾರೆ. ಹಳೆಯ ಮನೆಯಲ್ಲಿ ಇರುವೆಗಳನ್ನು ಕೊಲ್ಲಲು ಕಲಿತ ಕೈಗೆ ಹೊಸ ಮನೆಯಲ್ಲಿ ಮನುಷ್ಯರು ಇರುವೆಗಳಾಗಿ ಕಾಣುತ್ತಾರೆ. ಚೋಮನ ಲೋಕದಲ್ಲಿ ಸಾಲ ಕೊಟ್ಟವನೂ ಪಡೆದವನೂ ಬೇರೆ ಬೇರೆ ಜಾತಿಯ, ಬೇರೆ ಬೇರೆ ಮನೆಯ ಜನ. ಇಲ್ಲಿ ಒಡೆಯನೂ ಆಳೂ ಒಂದೇ ತಟ್ಟೆಯ ಸುತ್ತ ಕೂತಿದ್ದಾರೆ, ಆಳ್ತನಕ್ಕೆ ಪ್ರೀತಿ ಎಂಬ ಹೆಸರು ಬಂದಿದೆ. ವರ್ಗದ ಕಥನ ಹೊಲದಿಂದ ಮನೆಯೊಳಕ್ಕೆ ಬಂತೆಂದು ಮೊದಲು ಹೇಳಿದ್ದು ಈ ಅರ್ಥದಲ್ಲಿ. ಶ್ರೀನಾಥ ಪೆರೂರರ ಇಂಗ್ಲಿಷ್ ಅನುವಾದದಿಂದ ಇದು ಹೊರದೇಶಗಳಲ್ಲೂ ಓದುಗರನ್ನು ಪಡೆಯಿತು. ಹೊಸ ಹಣದ ಭಯ ಬೆಂಗಳೂರಿಗೆ ಮಾತ್ರ ಸೇರಿದ್ದಲ್ಲವಷ್ಟೆ.

ಬಾನು ಮುಷ್ತಾಕರ ಕಥೆಗಳಲ್ಲಿ ಲೆಕ್ಕ ಪೂರ್ತಿ ತಿರುಗಿ ನಿಲ್ಲುತ್ತದೆ. ಹಾಸನದ ವಕೀಲೆಯಾದ ಅವರು ಬಂಡಾಯ ಚಳವಳಿಯೊಳಗಿಂದ ಬೆಳೆದವರು. ದೀಪಾ ಭಾಸ್ತಿ ಅನುವಾದಿಸಿದ ಅವರ ಹನ್ನೆರಡು ಕಥೆಗಳ ಸಂಕಲನ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆಯಿತು. ಮುಸ್ಲಿಂ ಹೆಣ್ಣುಮಕ್ಕಳ ನೋವಿನ ಕಥೆಗಾರ್ತಿಯೆಂದು ಅವರನ್ನು ಪರಿಚಯಿಸುವುದು ರೂಢಿ. ಅದು ನಿಜವಾದರೂ ಅರ್ಧ ಮಾತು, ಏಕೆಂದರೆ ಒಂದೇ ಸಮುದಾಯದೊಳಗಿನ ಉಳ್ಳವರು–ಇಲ್ಲದವರ ಬಿರುಕನ್ನು ಅವರಷ್ಟು ನಿಷ್ಠುರವಾಗಿ ಬರೆದವರು ಕಡಿಮೆ. ಒಂದು ಕಥೆಯಲ್ಲಿ ಉಳ್ಳವರ ಮನೆಯವರು ಬಡ ಹುಡುಗರಿಗೆ ಸಾಮೂಹಿಕ ಸುನ್ನತಿಯ ಏರ್ಪಾಡು ಮಾಡುತ್ತಾರೆ. ತಮ್ಮ ಮಕ್ಕಳಿಗೆ ಮಾತ್ರ ಡಾಕ್ಟರು, ಅರಿವಳಿಕೆ, ಆರೈಕೆ. ಬಡ ಹುಡುಗನ ಗಾಯ ಮಾಯುತ್ತದೆ, ಸಿರಿವಂತರ ಮಗ ನರಳುತ್ತಾನೆ. ಇನ್ನೊಂದು ಕಥೆಯಲ್ಲಿ ಹಜ್‌ಗೆ ಹೊರಟ ಶ್ರೀಮಂತ ಹೆಂಗಸಿನ ಕೈಗೆ ಬಡ ವಿಧವೆಯೊಬ್ಬಳು ಕೂಡಿಟ್ಟ ಹಣ ಕೊಟ್ಟು, ಜಮ್‌ಜಮ್ ನೀರಿನಲ್ಲಿ ಅದ್ದಿದ ಕಫನ್ ತಂದುಕೊಡಲು ಬೇಡುತ್ತಾಳೆ. ಹೋದವಳು ಮರೆಯುತ್ತಾಳೆ. ಮುದುಕಿ ಸತ್ತ ದಿನ ಆ ಬಟ್ಟೆ ಕೇಳಿಕೊಂಡು ಮಗ ಬಾಗಿಲಿಗೆ ಬರುತ್ತಾನೆ. ಇಲ್ಲಿ ಸಾಲಗಾರಳು ಶ್ರೀಮಂತೆ, ಕೊಡಬೇಕಾದದ್ದು ಸಣ್ಣ ಬೆಲೆಯ ಬಟ್ಟೆ, ಮತ್ತು ಅದನ್ನು ತೀರಿಸುವ ದಾರಿ ಮುಚ್ಚಿಹೋಗಿದೆ. ದಾನ, ಧರ್ಮ, ಉದಾರತೆ ಎಂದು ಉಳ್ಳವರು ಕರೆಯುವುದರ ಬಹುಪಾಲು ಹಳೆಯ ಬಾಕಿಯ ಒಂದು ಕಂತು ಮಾತ್ರ ಎಂಬ ಅರಿವು ಈ ಕಥೆಯ ಬೆನ್ನೆಲುಬು. ಕನ್ನಡದಲ್ಲಿ ಅಸಮಾನತೆಯ ಬಗ್ಗೆ ಬಂದ ಅತ್ಯಂತ ಕಠಿಣವಾದ ಕಥೆಗಳಲ್ಲಿ ಇದನ್ನು ಎಣಿಸಬೇಕು.

ಬರೆಯುವವರ ವರ್ಗದ ಪ್ರಶ್ನೆಯನ್ನು ಬದಿಗಿಡಲಾಗದು. ಕನ್ನಡದ ಕಥೆಗಾರರಲ್ಲಿ ಹೆಚ್ಚಿನವರು ಅಧ್ಯಾಪಕರು, ಅಧಿಕಾರಿಗಳು, ಇಂಜಿನಿಯರುಗಳು, ಪತ್ರಕರ್ತರು. ಇಂಥವರು ಕೂಲಿಯವರ ಬದುಕು ಬರೆಯುವುದೇ ಇನ್ನೊಂದು ಬಗೆಯ ದುಡಿಸಿಕೊಳ್ಳುವಿಕೆ ಎಂಬ ಆಕ್ಷೇಪವಿದೆ. ಯು.ಆರ್. ಅನಂತಮೂರ್ತಿಯವರ ‘ಭಾರತೀಪುರ’ (1973) ಈ ಆಕ್ಷೇಪವನ್ನು ತನ್ನ ವಸ್ತುವನ್ನಾಗಿಯೇ ಮಾಡಿಕೊಂಡಿತು. ಇಂಗ್ಲೆಂಡಿನಿಂದ ಮರಳಿದ ಜಮೀನ್ದಾರ ಜಗನ್ನಾಥ ಹೊಲೆಯರನ್ನು ದೇವಸ್ಥಾನದೊಳಕ್ಕೆ ಕರೆದೊಯ್ಯಲು ನಿರ್ಧರಿಸುತ್ತಾನೆ. ಸಾಲಿಗ್ರಾಮ ಮುಟ್ಟಿರೆಂದು ಅವರನ್ನು ಒತ್ತಾಯಿಸುವಾಗ ಅವನ ದನಿ ಒಡೆಯನ ದನಿಯಾಗಿಯೇ ಉಳಿದಿರುತ್ತದೆ. ಬಿಡುಗಡೆಯನ್ನೂ ಅಪ್ಪಣೆಯಂತೆ ಕೊಡುವ ಆ ಕ್ಷಣವನ್ನು ಲೇಖಕರು ಕರುಣೆಯಿಲ್ಲದೆ ನೋಡಿದ್ದಾರೆ. ಹೊರಗಿನವನು ಪ್ರಾಮಾಣಿಕವಾಗಿ ಬರೆಯಬಲ್ಲದ್ದು ತನ್ನ ಹೊರಗಿನತನವನ್ನು ಎಂಬುದಕ್ಕೆ ಇದು ಸಾಕ್ಷಿ. ಅದೇ ಹೊತ್ತಿನಲ್ಲಿ ಒಳಗಿನಿಂದ ಬಂದವರ ಬರಹಕ್ಕೆ ಬೇರೆಯದೇ ಒಂದು ಆಸ್ತಿಯಿದೆ, ಅದು ಭಾಷೆ. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’, ಕುಂ. ವೀರಭದ್ರಪ್ಪನವರ ಬಳ್ಳಾರಿ ಗಡಿಯ ಕನ್ನಡ, ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಯ ಕಲಬುರಗಿ ಕನ್ನಡ, ಮೊಗಳ್ಳಿ ಗಣೇಶರ ಕಥೆಗಳ ನುಡಿ ಇವು ಅಲಂಕಾರಕ್ಕಾಗಿ ಬಂದವಲ್ಲ. ಶಿಷ್ಟ ಕನ್ನಡದಲ್ಲಿ ಕೂಲಿಯಾಳಿನ ಮನಸ್ಸನ್ನು ವಿವರಿಸುವಾಗ ವಿವರಿಸುವವನು ಮೇಲೆ, ವಿವರಿಸಲ್ಪಡುವವನು ಕೆಳಗೆ ಇರುತ್ತಾರೆ. ನಿರೂಪಣೆಯೇ ಕೇರಿಯ ಮಾತಿನಲ್ಲಿ ನಡೆದಾಗ ಆ ಏಣಿ ಬೀಳುತ್ತದೆ. ಪಟ್ಟಣದ ಓದುಗನೇ ಅರ್ಥ ಕೇಳಿಕೊಂಡು ಹೋಗಬೇಕಾಗುತ್ತದೆ. ‘ಕುಸುಮಬಾಲೆ’ ಕಷ್ಟವೆಂದು ದೂರಿದವರು ತಮಗೆ ಒದಗಿದ ಆ ಸಣ್ಣ ಶ್ರಮದ ಅರ್ಥವನ್ನು ಯೋಚಿಸಿ ನೋಡಬಹುದಿತ್ತು.

ಭಾಷೆಯ ಮಾತು ಬಂದಾಗ ಅರವಿಂದ ಅಡಿಗರ ಇಂಗ್ಲಿಷ್ ಕಾದಂಬರಿ ‘ದಿ ವೈಟ್ ಟೈಗರ್’ (2008) ನೆನಪಾಗುತ್ತದೆ. ಮಂಗಳೂರಿನಲ್ಲಿ ಬೆಳೆದ ಅಡಿಗರಿಗೆ ಬೂಕರ್ ತಂದ ಈ ಕೃತಿಯ ಬಲರಾಮ ತನ್ನ ಯಜಮಾನನನ್ನು ಕೊಂದು, ಅವನ ಹಣದೊಂದಿಗೆ ಬೆಂಗಳೂರಿಗೆ ಬಂದು ಕಾಲ್‌ಸೆಂಟರ್ ನೌಕರರಿಗೆ ಕಾರು ಓಡಿಸುವ ಉದ್ಯಮಿಯಾಗುತ್ತಾನೆ. ಅಸಮಾನತೆಯ ಚಿತ್ರ ಅದರಲ್ಲಿ ಹರಿತವಾಗಿದೆ. ಆದರೆ ಬಿಹಾರದ ಹಳ್ಳಿಯ ಚಾಲಕನ ಬಾಯಲ್ಲಿ ಹರಿಯುವ ಇಂಗ್ಲಿಷ್ ಅವನದಲ್ಲ ಎಂಬ ಅನುಮಾನ ಓದುವಾಗ ಬಿಟ್ಟು ಹೋಗುವುದಿಲ್ಲ. ಸಾಕವ್ವನ ಮಾತು ಸಾಕವ್ವನದೇ.

ಇಂಥ ವಸ್ತು ಕಲೆಯನ್ನು ಪ್ರಚಾರಕ್ಕಿಳಿಸುತ್ತದೆ ಎಂಬ ಹಳೆಯ ವಾದವನ್ನು ಇಲ್ಲಿ ದೀರ್ಘವಾಗಿ ಚರ್ಚಿಸುವ ಅಗತ್ಯವಿಲ್ಲ. ಬಂಡಾಯದ ಹೆಸರಿನಲ್ಲಿ ಜಳ್ಳು ಬಂದದ್ದುಂಟು, ನವ್ಯದ ಹೆಸರಿನಲ್ಲೂ ಅಷ್ಟೇ ಬಂದಿದೆ. ‘ಒಡಲಾಳ’ ಮತ್ತು ‘ಚೋಮನ ದುಡಿ’ ಕನ್ನಡದ ಅತ್ಯುತ್ತಮ ಗದ್ಯದ ಸಾಲಿನಲ್ಲಿ ನಿಂತಿರುವಾಗ ವಸ್ತುವನ್ನು ದೂರುವುದರಲ್ಲಿ ಹುರುಳಿಲ್ಲ.

ನಿಜವಾದ ಕೊರತೆ ಇರುವುದು ಬೇರೆ ಕಡೆ. ಸಮಕಾಲೀನ ಕಥನ ವರ್ಗವನ್ನು ಮನೆಯೊಳಕ್ಕೆ ತಂದಿತು, ನಿಜ. ಹಾಗೆ ತರುವಾಗ ದುಡಿಮೆಯನ್ನು ಹೊರಗೇ ಬಿಟ್ಟಿತು. ಚೋಮ ಉಳುವ ಕನಸು ಕಾಣುತ್ತಾನೆ, ಕಯ್ಯೂರಿನ ರೈತರು ಭತ್ತ ಅಳೆಯುತ್ತಾರೆ. ಈಚಿನ ಕಾದಂಬರಿಗಳಲ್ಲಿ ಕೆಲಸ ಎಂಬುದು ಪಾತ್ರ ಬೆಳಿಗ್ಗೆ ಹೋಗಿ ಸಂಜೆ ಬರುವ ಒಂದು ಜಾಗ. ‘ಘಾಚರ್ ಘೋಚರ್’ನಲ್ಲಿಯೂ ಮಸಾಲೆಪುಡಿ ಕುಟ್ಟಿ, ತೂಗಿ, ಪೊಟ್ಟಣ ಕಟ್ಟುವ ಕೈಗಳು ಕಥೆಯ ಅಂಚಿನಲ್ಲೇ ಉಳಿಯುತ್ತವೆ. ಬೆಂಗಳೂರಿನ ಗಾರ್ಮೆಂಟ್ಸ್ ಸಾಲುಗಳಲ್ಲಿ ಗಂಟೆಯ ಲೆಕ್ಕಕ್ಕೆ ಹೊಲಿಯುವವರು, ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಹೆಸರು ಬರೆಸಿ ಒಳಹೋಗುವ ಮನೆಗೆಲಸದವರು, ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕರು, ಬೈಕಿನಲ್ಲಿ ಊಟ ಹೊತ್ತು ಓಡುವ ಹುಡುಗರು, ಮೆಟ್ರೊ ಕಟ್ಟಲು ಒಡಿಶಾ, ಬಂಗಾಳದಿಂದ ಬಂದವರು ನಮ್ಮ ಕಥನದಲ್ಲಿ ಹಾದುಹೋಗುತ್ತಾರೆ, ನಿಲ್ಲುವುದು ಅಪರೂಪ. ಅವರ ಕೆಲಸದ ಒಳವಿವರ, ಅದರ ಕೌಶಲ, ಅದರ ದಣಿವು, ಅದರ ಜಗಳಗಳನ್ನು ಕಂಡು ಬರೆದ ದೊಡ್ಡ ಕಾದಂಬರಿಗೆ ಕನ್ನಡ ಇನ್ನೂ ಕಾಯುತ್ತಿದೆ. ಈ ಒಂದು ಅಂಶದಲ್ಲಿ ಹೊಸ ಕಥೆಗಾರರ ಮೇಲಿನ ದೂರು ಸರಿ.

ಅಂಥ ಕಾದಂಬರಿಗೆ ವಸ್ತು ದೂರದಲ್ಲಿಲ್ಲ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು ಕಾರ್ಮಿಕರು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಹೆಂಗಸರು ಯಂತ್ರ ಬಿಟ್ಟೆದ್ದು ರಸ್ತೆಗೆ ಬಂದರು, ತಮ್ಮ ದುಡಿಮೆಯ ಬಾಕಿ ತಮ್ಮದೆಂದು ಹೆದ್ದಾರಿಯಲ್ಲಿ ಕೂತರು. ಏಪ್ರಿಲ್ 19ರಂದು ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.